ಹೊಡೆದರೆ ಸರಿಹೋಗುವ ಟಿ.ವಿ.

ಮುಂಬಯಿಯ ಕೆಲವು ಕನ್ನಡಿಗರ ಮನೆಗಳಲ್ಲಿ ಇಂದಿಗೂ ಡಬ್ಬಾ ಟಿ.ವಿ. ಉಳಿದುಕೊಂಡಿದೆ. ಮಕ್ಕಳ ಮನೆಯ ಗೋಡೆಗೆ ತೆಳ್ಳನೆಯ ಎಲ್‌ಇಡಿ ಬಂದಿದ್ದರೂ, ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಒಂದು ಕೋಣೆಯ ಮನೆಯಲ್ಲಿರುವ ಹಿರಿಯರು ಹಳೆಯ ಪೆಟ್ಟಿಗೆಯನ್ನು ಬಿಡಲು ಒಪ್ಪುವುದಿಲ್ಲ. ಅದರ ರಿಮೋಟಿನ ಗುಂಡಿಗಳು ಅವರ ಬೆರಳಿಗೆ ಗೊತ್ತು. ಹಗಲಿಡೀ ಒಂಟಿಯಾಗಿರುವವರಿಗೆ ಅದೇ ಮಾತಿನ ಜೊತೆ. ಅಂಥ ಟಿ.ವಿ.ಯ ಚಿತ್ರ ಆಗೊಮ್ಮೆ ಈಗೊಮ್ಮೆ ಹೋಗಿ ಬರಲು ಶುರುವಾದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. "ಭಂಗಾರಿನವನಿಗೆ ಕೊಟ್ಟುಬಿಡಿ" ಎನ್ನುತ್ತಾರೆ ಮಕ್ಕಳು. "ಒಂದು ಪೆಟ್ಟು ಕೊಟ್ಟರೆ ಸರಿಹೋಗ್ತದೆ ಮಾರಾಯ" ಎನ್ನುತ್ತಾರೆ ಅಪ್ಪ. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಚಿತ್ರ ಹೋಗುವುದು ಯಾವಾಗ, ಹೇಗೆ?

ಪೂರ್ತಿ ಕೆಟ್ಟ ಟಿ.ವಿ.ಯನ್ನು ರಿಪೇರಿ ಮಾಡುವುದು ಸುಲಭ. ಮೀಟರ್ ಹಿಡಿದರೆ ದೋಷ ಅಲ್ಲೇ ಕುಳಿತಿರುತ್ತದೆ. ಬಂದು ಹೋಗುವ ದೋಷ ಹಾಗಲ್ಲ. ಮೆಕ್ಯಾನಿಕ್ ಮನೆಗೆ ಬಂದ ಕೂಡಲೇ ಟಿ.ವಿ. ಸಾಧುವಾಗಿಬಿಡುತ್ತದೆ, ಅವನು ಮೆಟ್ಟಿಲಿಳಿದ ಮೇಲೆ ಮತ್ತೆ ತಕರಾರು. ಇಲ್ಲಿ ಮನೆಯವರ ಕಣ್ಣೇ ಮೊದಲ ಮೀಟರ್.

ದೋಷ ಪೆಟ್ಟಿಗೆಯ ಹೊರಗಿದೆಯೋ ಒಳಗಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ದೆಹಲಿಯ ನಂತರ ದೇಶದ ಎರಡನೆಯ ಟಿ.ವಿ. ಕೇಂದ್ರ ಮುಂಬಯಿಯಲ್ಲಿ ಶುರುವಾದದ್ದು 1972ರ ಅಕ್ಟೋಬರ್ 2ರಂದು. ವರ್ಳಿಯ ಗೋಪುರದಿಂದ ಬರುತ್ತಿದ್ದ ಅಲೆಗಳು ಎತ್ತರದ ಕಟ್ಟಡಗಳಿಗೆ ಬಡಿದು ತಿರುಗಿ ಆಂಟೆನಾಕ್ಕೆ ಬರುತ್ತಿದ್ದವು. ತೆರೆಯ ಮೇಲೆ ಒಬ್ಬನ ಪಕ್ಕದಲ್ಲಿ ಅವನದೇ ನೆರಳಿನಂತೆ ಇನ್ನೊಬ್ಬ ಕಾಣಿಸುತ್ತಿದ್ದ. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳಲ್ಲಿ ಕನ್ನಡದ ಸರದಿಗಾಗಿ ಕಾದವರಿಗೆ ಆ ಜೋಡಿ ಚಿತ್ರ ನೆನಪಿರಬಹುದು. ಅದು ಟಿ.ವಿ.ಯ ತಪ್ಪಲ್ಲ. ಇಂದು ಆಂಟೆನಾದ ಜಾಗಕ್ಕೆ ಸೆಟ್‌ಟಾಪ್ ಬಾಕ್ಸ್ ಬಂದಿದೆ. 2012ರ ಅಕ್ಟೋಬರ್ 31ರ ಗಡುವಿನೊಂದಿಗೆ ಮುಂಬಯಿಯ ಕೇಬಲ್ ಡಿಜಿಟಲ್ ಆದ ಮೇಲೆ, ಬಾಕ್ಸಿನಿಂದ ಟಿ.ವಿ.ಗೆ ಹೋಗುವ ಹಳದಿ ಪಿನ್ನಿನ ವೈರು ಸಡಿಲವಾಗಿದ್ದರೂ ಚಿತ್ರ ಕಣ್ಣುಮುಚ್ಚಾಲೆ ಆಡುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಚಿತ್ರ ಕೆಟ್ಟ ಕ್ಷಣದಲ್ಲೇ ಟಿ.ವಿ.ಯದೇ ರಿಮೋಟಿನಲ್ಲಿ ಸೌಂಡ್ ಗುಂಡಿ ಒತ್ತಿ. ಬಾಕ್ಸಿನ ರಿಮೋಟ್ ಬೇಡ. ತೆರೆಯ ಮೇಲೆ ಮೂಡುವ ಪಟ್ಟಿ ಅಥವಾ ಅಂಕಿ ಅಲುಗದೆ ಸ್ಪಷ್ಟವಾಗಿದ್ದರೆ, ದೋಷ ಬಹುಮಟ್ಟಿಗೆ ವೈರಿನಲ್ಲಿ, ಬಾಕ್ಸಿನಲ್ಲಿ ಅಥವಾ ವೈರು ಚುಚ್ಚುವ ಜಾಗದಲ್ಲಿದೆ. ಆ ಅಂಕಿಯೂ ಚಿತ್ರದ ಜೊತೆಗೇ ಕುಗ್ಗಿದರೆ, ಬಣ್ಣಗೆಟ್ಟರೆ, ಮಾಯವಾದರೆ ದೋಷ ಪೆಟ್ಟಿಗೆಯೊಳಗಿದೆ.

ಒಳಗಿನ ದೋಷಕ್ಕೂ ಒಂದೊಂದು ಮುಖ ಇರುತ್ತದೆ. ಚಿತ್ರವೆಲ್ಲ ಹಳದಿಗೆ ತಿರುಗಿದರೆ ನೀಲಿ ಹೋಗಿದೆ ಎಂದರ್ಥ. ನೇರಳೆ ಮಿಶ್ರಿತ ಗುಲಾಬಿಯಾದರೆ ಹಸಿರು ಹೋಗಿದೆ. ಇಂಥ ಸಂದರ್ಭದಲ್ಲಿ ಪಿಕ್ಚರ್ ಟ್ಯೂಬಿನ ಹಿಂಬದಿಯ ಕುತ್ತಿಗೆಗೆ ಸಿಕ್ಕಿಸಿರುವ ಚಿಕ್ಕ ಬೋರ್ಡನ್ನು ಮೊದಲು ನೋಡುತ್ತಾರೆ. ಚಿತ್ರವೆಲ್ಲ ಕುಸಿದು ನಡುವೆ ಒಂದು ಅಡ್ಡ ಬಿಳಿಗೆರೆಯಷ್ಟೇ ಉಳಿದರೆ, ಕಿರಣವನ್ನು ಮೇಲಿನಿಂದ ಕೆಳಕ್ಕೆ ಎಳೆಯುವ ಭಾಗ ನಿಂತಿದೆ. ಆಗ ಟಿ.ವಿ.ಯನ್ನು ಕೂಡಲೇ ಆರಿಸಿ. ಇಡೀ ತೆರೆಗೆ ಹರಡಬೇಕಾದ ಕಿರಣ ಒಂದೇ ಗೆರೆಯ ಮೇಲೆ ಬಿದ್ದರೆ ಅಲ್ಲಿನ ಲೇಪ ಸುಟ್ಟು ಶಾಶ್ವತ ಕಲೆಯಾಗುತ್ತದೆ.

ಇನ್ನು 'ಯಾವಾಗ, ಹೇಗೆ' ಎಂಬ ಪ್ರಶ್ನೆ. ಟಿ.ವಿ. ಹಾಕಿದಾಗ ಚಿತ್ರ ಮಬ್ಬಾಗಿ ಬಂದು ಹತ್ತು ನಿಮಿಷದಲ್ಲಿ ಮೆಲ್ಲಗೆ ಬೆಳಕೇರುತ್ತಿದ್ದರೆ ಪಿಕ್ಚರ್ ಟ್ಯೂಬಿಗೇ ವಯಸ್ಸಾಗಿರುವ ಸಂಭವ ಹೆಚ್ಚು. ಕುಗ್ಗಿದ ಚಿತ್ರ ಬಿಸಿಯೇರಿದಂತೆ ನಿಧಾನವಾಗಿ ಹಿಗ್ಗುತ್ತಿದ್ದರೆ ಒಳಗಿನ ಕೆಪಾಸಿಟರ್ ಒಣಗಿರಬಹುದು. ಚಿತ್ರ ಥಟ್ಟನೆ ಹೋಗಿ ಥಟ್ಟನೆ ಬರುತ್ತಿದ್ದರೆ, ಅದರಲ್ಲೂ ತಟ್ಟಿದಾಗ ಬರುತ್ತಿದ್ದರೆ, ಎಲ್ಲೋ ಒಂದು ಬೆಸುಗೆ ಬಿಟ್ಟಿದೆ. ನಿಧಾನಕ್ಕೆ ಬದಲಾಗುವುದು ಸವೆತ, ಥಟ್ಟನೆ ಬದಲಾಗುವುದು ಸಡಿಲ. ಬಹುಪಾಲು ಟಿ.ವಿ.ಗಳಿಗೆ ಈ ಲೆಕ್ಕ ಹೊಂದುತ್ತದೆ.

ಬೆಸುಗೆ ಬಿಡುವುದಾದರೂ ಏಕೆ? ನಮ್ಮ ದೇಶದ ಟಿ.ವಿ. ಚಿತ್ರದಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಪೂರ್ಣ ಚಿತ್ರಗಳು. ಅಂದರೆ ಕಿರಣ ಪ್ರತಿ ಸೆಕೆಂಡಿಗೆ 15,625 ಗೆರೆ ಎಳೆಯಬೇಕು. ಈ ಕೆಲಸದ ಜೊತೆಗೆ ಟ್ಯೂಬಿಗೆ ಬೇಕಾದ ಭಾರೀ ವೋಲ್ಟೇಜನ್ನೂ ಒದಗಿಸುವ ಭಾಗವನ್ನು ಮೆಕ್ಯಾನಿಕರು ಎಲ್‌ಒಟಿ ಎನ್ನುತ್ತಾರೆ. ಅದು ತೂಕದ ಭಾಗ, ಸುತ್ತಮುತ್ತಲಿನದೆಲ್ಲ ಬಿಸಿ. ದಿನಾ ಕಾದು, ದಿನಾ ಆರಿ, ವರ್ಷಗಳು ಕಳೆದಂತೆ ಪಿನ್ನಿನ ಸುತ್ತಲಿನ ಬೆಸುಗೆಯಲ್ಲಿ ಕೂದಲೆಳೆಯಂಥ ವೃತ್ತಾಕಾರದ ಬಿರುಕು ಬೀಳುತ್ತದೆ. ಇದೇ 'ಡ್ರೈ ಸೋಲ್ಡರ್'. ಬರಿಗಣ್ಣಿಗೆ ಕಾಣದಿದ್ದರೆ ಭೂತಗನ್ನಡಿಗೆ ಕಾಣುತ್ತದೆ. ಮುಂಬಯಿಯ ಮಳೆಗಾಲದ ತೇವ ಮತ್ತು ಸಮುದ್ರದ ಉಪ್ಪುಗಾಳಿ ಪಿನ್ನುಗಳಿಗೂ ಸಾಕೆಟ್ಟುಗಳಿಗೂ ತುಕ್ಕು ಹಿಡಿಸಿ ತಮ್ಮ ಪಾಲನ್ನೂ ಸೇರಿಸುತ್ತವೆ.

ಅಪ್ಪನ ಪೆಟ್ಟಿಗೆ ಟಿ.ವಿ. ಸರಿಹೋಗುವುದು ಸುಳ್ಳಲ್ಲ. ಅಲುಗಾಟಕ್ಕೆ ಬಿರುಕಿನ ಎರಡು ಅಂಚುಗಳು ಕ್ಷಣಕಾಲ ಕೂಡಿಕೊಳ್ಳುತ್ತವೆ. ಆ ಪೆಟ್ಟು ರೋಗವೇನೆಂದು ಹೇಳಿತು. ಅದನ್ನೇ ಔಷಧಿ ಎಂದುಕೊಂಡು ದಿನಾ ಕೊಟ್ಟರೆ ಬಿರುಕು ಅಗಲವಾಗಿ, ಕಿಡಿ ಹಾರಿ, ಬೋರ್ಡೇ ಸುಡುತ್ತದೆ. ಹಳೆಯ ಬೆಸುಗೆಯನ್ನು ಪೂರ್ತಿ ತೆಗೆದು, ಪಿನ್ ಉಜ್ಜಿ, ಹೊಸದಾಗಿ ಹಾಕುವುದೇ ಸರಿಯಾದ ದಾರಿ. ಹಳೆಯದರ ಮೇಲೇ ಕಾದ ಐರನ್ ಮುಟ್ಟಿಸಿದರೆ ಕೆಲವು ತಿಂಗಳಲ್ಲಿ ಮತ್ತದೇ ಕಥೆ.

ಆದರೆ ಹಿಂದಿನ ಮುಚ್ಚಳ ನೀವು ತೆಗೆಯಬೇಡಿ. ಬಣ್ಣದ ಟ್ಯೂಬಿಗೆ ಹೋಗುವುದು ಸುಮಾರು 25,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಆ ವಿದ್ಯುತ್ ಉಳಿದಿರುತ್ತದೆ. ಪಳಗಿದ ಮೆಕ್ಯಾನಿಕ್ ಮೊದಲು ಅದನ್ನು ಇಳಿಸಿಯೇ ಕೈ ಹಾಕುವುದು. ಹಿಂದಿನಿಂದ 'ಚಟ ಚಟ' ಸದ್ದು, ನೀಲಿ ಕಿಡಿ, ಸುಟ್ಟ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಸಾಕು, ಪ್ಲಗ್ ಕೀಳಿ. ಒಂಟಿಯಾಗಿರುವ ಹಿರಿಯರಿಗೆ ಇದನ್ನು ಮರೆಯದೆ ಹೇಳಿಡಿ.

ನೀವು ಮಾಡಬೇಕಾದ್ದು ಬೇರೆ ಇದೆ. ಒಂದು ಚೀಟಿಯಲ್ಲಿ ನಾಲ್ಕು ದಿನದ ಲೆಕ್ಕ ಬರೆದಿಡಿ: ಟಿ.ವಿ. ಹಾಕಿದ್ದು ಎಷ್ಟು ಗಂಟೆಗೆ, ಚಿತ್ರ ಹೋದದ್ದು ಎಷ್ಟು ಹೊತ್ತಿಗೆ, ಥಟ್ಟನೆಯೋ ನಿಧಾನವೋ, ಸೌಂಡ್ ಇತ್ತೋ ಇಲ್ಲವೋ, ಅಂಕಿ ಹೇಗಿತ್ತು. ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ. ಅದರಲ್ಲಿ ಕಪ್ಪು ಪಟ್ಟಿಗಳು ತೇಲುತ್ತಿದ್ದರೆ ಗಾಬರಿ ಬೇಡ. ಅದು ಕ್ಯಾಮೆರಾದ ವೇಗಕ್ಕೂ ಟ್ಯೂಬಿನ ವೇಗಕ್ಕೂ ತಾಳೆಯಾಗದೆ ಕಾಣುವುದು, ದೋಷವಲ್ಲ. ಇಷ್ಟಿದ್ದರೆ ಮೆಕ್ಯಾನಿಕನ ಅರ್ಧ ಕೆಲಸ ಮುಗಿದಂತೆ. "ಎಲ್‌ಒಟಿಯೇ ಬದಲಿಸಬೇಕು" ಎಂದು ಅವನು ಹೇಳಿದರೆ, ಮೊದಲು ಬೆಸುಗೆ ಹಾಕಿ ನೋಡಲು ಕೇಳಿ. ನಿಜಕ್ಕೂ ಬದಲಿಸಬೇಕಾಗಿ ಬಂದರೆ ಹಳೆಯದರ ಮೇಲಿನ ನಂಬರ್ ಬರೆದುಕೊಂಡು ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಬೇಕು. ನಂಬರ್ ಹೊಂದದ ಎಲ್‌ಒಟಿ ಕೂಡುವುದಿಲ್ಲ.

ಬೆಸುಗೆಯ ದೋಷವಾದರೆ ಟಿ.ವಿ. ಇನ್ನೂ ಬದುಕೀತು, ಅಪ್ಪನ ಮಾತೇ ಗೆದ್ದಂತೆ. ಟ್ಯೂಬೇ ಸವೆದಿದ್ದರೆ ಖರ್ಚು ಮಾಡಿ ಫಲವಿಲ್ಲ, ಮಕ್ಕಳ ಮಾತು ಸರಿ. ಆಗಲೂ ಅದನ್ನು ಭಂಗಾರಿನವನ ಕೈಗೆ ಕೊಡಬೇಡಿ. ಒಳಗಿನ ತಾಮ್ರದಾಸೆಗೆ ಟ್ಯೂಬಿನ ಕುತ್ತಿಗೆ ಮುರಿಯುತ್ತಾರೆ, ಅದರ ಗಾಜಿನಲ್ಲಿ ಸೀಸ ಇದೆ. ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಒಪ್ಪಿಸಿ. ಹೊಸ ಟಿ.ವಿ. ತಂದ ದಿನ, ಅದರ ರಿಮೋಟನ್ನು ಹಿರಿಯರ ಕೈಗೆ ಕೊಟ್ಟು ಕಲಿಸಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ.