ಪ್ರಾಧ್ಯಾಪಕರಿಗೊಂದು ಪತ್ರ

ಸಂಬಳವಿಲ್ಲದಿದ್ದರೂ ಚಿಂತೆಯಿಲ್ಲ, ತಮ್ಮ ಪ್ರಯೋಗಶಾಲೆಯಲ್ಲಿ ಕೆಲಸ ಕಲಿಯಲು ಅವಕಾಶ ಕೊಡಬೇಕು ಎಂದು ಕೋರುವ ಪತ್ರಗಳು ಪ್ರಾಧ್ಯಾಪಕರಿಗೆ ಬರುತ್ತಲೇ ಇರುತ್ತವೆ. ಬೇಸಗೆಯ ರಜೆ ಸಮೀಪಿಸಿದಂತೆ ಅವುಗಳ ಸಂಖ್ಯೆ ಏರುತ್ತದೆ. ಕಾಗದದ ಮೇಲೆ ಬರೆದು ಅಂಚೆಚೀಟಿ ಹಚ್ಚಬೇಕಾಗಿದ್ದ ಕಾಲದಲ್ಲಿ ವಿದ್ಯಾರ್ಥಿಯೊಬ್ಬನು ಐವತ್ತು ಮಂದಿಗೆ ಬರೆಯುವುದು ಸಣ್ಣ ಶ್ರಮವಾಗಿರಲಿಲ್ಲ. ಇಂದು ಇ-ಮೇಲ್ ಮೂಲಕ ಅದು ಕ್ಷಣಮಾತ್ರದ ಕೆಲಸ. ಆದುದರಿಂದಲೇ ಅಂತಹ ಪತ್ರಗಳಿಗೆ ಬೆಲೆಯೂ ಇಳಿದಿದೆ. ಹಾಗಾದರೆ ಯಾವ ಪತ್ರಕ್ಕೆ ಉತ್ತರ ಬರುತ್ತದೆ?

ಈ ಬಗೆಯ ಪತ್ರಗಳಲ್ಲಿ ಬಹು ಪ್ರಸಿದ್ಧವಾದುದು ಮೈಕೇಲ್ ಫ್ಯಾರಡೆಯದು. ಕಮ್ಮಾರನ ಮಗನಾದ ಈತನು ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತವನು. ವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೊಂದು ಕೆಲಸ ದೊರಕಲೆಂದು ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಬರೆದನು. ಉತ್ತರ ಬರಲಿಲ್ಲ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯವು ಅಂಗಡಿಯ ಗಿರಾಕಿಯೊಬ್ಬರ ದಯೆಯಿಂದ ಒದಗಿತು. ಕೇಳಿದುದನ್ನೆಲ್ಲ ವಿಸ್ತಾರವಾಗಿ ಬರೆದು, ಉಪಕರಣಗಳ ಚಿತ್ರಗಳನ್ನು ಬಿಡಿಸಿ, ಮುನ್ನೂರಕ್ಕೂ ಹೆಚ್ಚು ಪುಟಗಳ ಆ ಬರಹಕ್ಕೆ ತಾನೇ ರಟ್ಟು ಕಟ್ಟಿ, ಆ ವರ್ಷದ ಡಿಸೆಂಬರಿನಲ್ಲಿ ಪತ್ರದೊಡನೆ ಡೇವಿಗೆ ಕಳುಹಿಸಿದನು. ಈ ಸಲ ಉತ್ತರ ಬಂದಿತು. ಆದರೆ ಹುದ್ದೆ ಖಾಲಿಯಿರಲಿಲ್ಲ. ಹಿಡಿದ ಕಸುಬನ್ನು ಬಿಡಬೇಡವೆಂಬ ಬುದ್ಧಿವಾದವೂ ದೊರೆಯಿತು. ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನು ಜಗಳವಾಡಿ ಕೆಲಸ ಕಳೆದುಕೊಂಡಾಗ ಡೇವಿಗೆ ಈ ರಟ್ಟು ಕಟ್ಟುವ ಹುಡುಗ ನೆನಪಾದನು. 1813ರ ಮಾರ್ಚಿಯಲ್ಲಿ ವಾರಕ್ಕೆ 25 ಷಿಲ್ಲಿಂಗ್ ಸಂಬಳದ ಮೇಲೆ ಫ್ಯಾರಡೆ ನೇಮಕಗೊಂಡನು. ಅದೇ ಸಂಸ್ಥೆಯಲ್ಲಿದ್ದುಕೊಂಡೇ ಆತನು 1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದನು.

ಅದೃಷ್ಟವೂ ಇದರಲ್ಲಿ ಪಾಲುಗೊಂಡಿತ್ತೆಂಬುದು ನಿಜ. ಆದರೆ ಡೇವಿಗೆ ನೆನಪಿಟ್ಟುಕೊಳ್ಳಲು ಏನೋ ಒಂದಿತ್ತು. ಬ್ಯಾಂಕ್ಸ್ ಅವರಿಗೆ ಹೋದುದು ಕೋರಿಕೆ. ಡೇವಿಗೆ ಹೋದುದು ಕೆಲಸ.

ನಮ್ಮ ದೇಶದ ನಿದರ್ಶನವೊಂದನ್ನು ನೋಡೋಣ. 1928ರಲ್ಲಿ ಜರ್ಮನಿಯ ಸೋಮರ್‌ಫೆಲ್ಡ್ ಮದರಾಸಿಗೆ ಬಂದಾಗ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯೊಬ್ಬನು ಅವರನ್ನು ಕಂಡನು. ತಾನು ಓದಿದ್ದ ಭೌತಶಾಸ್ತ್ರವು ಆಗಲೇ ಹಳೆಯದಾಗಿದೆಯೆಂದು ತಿಳಿದು, ಹೊಸ ಸಂಖ್ಯಾಕಲನವನ್ನು ಅಭ್ಯಾಸ ಮಾಡಿ ಒಂದು ಪ್ರಬಂಧವನ್ನು ಬರೆದನು. ಅದನ್ನು ಕಳುಹಿಸಿದುದು ಕೇಂಬ್ರಿಜ್ಜಿನ ಆರ್. ಎಚ್. ಫೌಲರ್ ಅವರಿಗೆ. ಅವರಿಗೇ ಏಕೆ? ಅದೇ ಸಂಖ್ಯಾಕಲನವನ್ನು ಶ್ವೇತಕುಬ್ಜ ನಕ್ಷತ್ರಗಳಿಗೆ ಅನ್ವಯಿಸಿದ್ದ ಅವರ ಲೇಖನವನ್ನು ಆತನು ಓದಿದ್ದನು. ಪ್ರಬಂಧವು 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಆತನು ಫೌಲರ್ ಅವರ ಶಿಷ್ಯನಾಗಿ ಕೇಂಬ್ರಿಜ್ಜಿಗೆ ಹೊರಟನು. ಅವರೇ 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎಸ್. ಚಂದ್ರಶೇಖರ್.

ಎಲ್ಲರೂ ಚಂದ್ರಶೇಖರರಾಗಬೇಕೆಂದು ಯಾವ ಪ್ರಾಧ್ಯಾಪಕರೂ ಬಯಸುವುದಿಲ್ಲ. ಆದರೆ ಅವರ ಕಡೆಯ ಲೆಕ್ಕವನ್ನೂ ತಿಳಿಯಬೇಕು. ಪುಕ್ಕಟೆಯಾಗಿ ದುಡಿಯುವವನನ್ನು ಬೇಡವೆನ್ನುವರೇಕೆ ಎಂದು ವಿದ್ಯಾರ್ಥಿಗೆ ಅಚ್ಚರಿಯಾಗುವುದುಂಟು. ಪ್ರಯೋಗಶಾಲೆಗೆ ಅವನು ಪುಕ್ಕಟೆಯಲ್ಲ. ದ್ರಾವಣವನ್ನು ಅಳೆಯುವುದು, ಉಪಕರಣವನ್ನು ಶುಚಿಯಾಗಿಡುವುದು, ದಿನಚರಿಯನ್ನು ಕ್ರಮವಾಗಿ ಬರೆಯುವುದು, ಇವನ್ನೆಲ್ಲ ಹಿರಿಯ ಸಂಶೋಧಕನೊಬ್ಬನು ತನ್ನ ಕೆಲಸ ಬಿಟ್ಟು ವಾರಗಟ್ಟಲೆ ಕಲಿಸಬೇಕು. ಕಲಿತಾಗುವಷ್ಟರಲ್ಲಿ ರಜೆಯೇ ಮುಗಿದುಹೋದರೆ ಆ ಶ್ರಮವೆಲ್ಲ ವ್ಯರ್ಥ. ಆದುದರಿಂದ ಪ್ರಾಧ್ಯಾಪಕರು ಪತ್ರದಲ್ಲಿ ಹುಡುಕುವುದು ಒಂದನ್ನೇ: ಈತನು ಹಿಡಿದ ಕೆಲಸವನ್ನು ಮುಗಿಸುವವನೇ?

‘ತಮ್ಮ ಅಮೂಲ್ಯ ಸಂಶೋಧನೆಯು ನನ್ನನ್ನು ಬಹಳವಾಗಿ ಆಕರ್ಷಿಸಿದೆ’ ಎಂಬ ವಾಕ್ಯವು ಈ ಪ್ರಶ್ನೆಗೆ ಉತ್ತರವಾಗದು. ಅದನ್ನು ಖಗೋಳ ವಿಜ್ಞಾನಿಗೂ ಕಳುಹಿಸಬಹುದು, ಕೀಟಶಾಸ್ತ್ರಜ್ಞರಿಗೂ ಕಳುಹಿಸಬಹುದು, ಕಳುಹಿಸುತ್ತಲೂ ಇದ್ದಾರೆ! ಇದರ ಬದಲು ಹೀಗೆ ಬರೆದನೆಂದು ಭಾವಿಸಿ: ‘ಕಪ್ಪೆಗಳ ಕೂಗನ್ನು ಕುರಿತ ತಮ್ಮ ಲೇಖನವನ್ನು ಓದಿದೆನು. ಮಳೆ ಸುರಿಯುವಾಗಿನ ಧ್ವನಿಮುದ್ರಿಕೆಗಳನ್ನು ತಾವು ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮೂರ ಕೆರೆಯ ದಡದಲ್ಲಿ ಹತ್ತು ರಾತ್ರಿ ನಾನೂ ಮುದ್ರಿಸಿಕೊಂಡಿದ್ದೇನೆ. ಮಳೆಯ ಸದ್ದನ್ನು ಬೇರ್ಪಡಿಸಲು ಬರುವುದೇ ಎಂದು ತಿಳಿಯುವ ಆಸೆಯಿದೆ.’ ಈ ಪ್ರಶ್ನೆ ಬಹು ಸಾಮಾನ್ಯದ್ದಾಗಿರಬಹುದು. ಆದರೂ ಅದು ಆ ಒಬ್ಬ ಪ್ರಾಧ್ಯಾಪಕರಿಗೆ ಮಾತ್ರ ಬರೆಯಬಹುದಾದ ಪತ್ರ. ಜೊತೆಗೆ ತಾನಾರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲೆ, ವಾರಕ್ಕೆ ಎಷ್ಟು ಗಂಟೆ ದುಡಿಯಬಲ್ಲೆ ಎಂಬುದಿಷ್ಟನ್ನು ಹೇಳಿದರೆ ಸಾಕು. ಒಂದು ಪುಟ ದಾಟಬಾರದು. ಹೆಸರನ್ನು ತಪ್ಪಿಲ್ಲದೆ ಬರೆಯಬೇಕೆಂದು ಹೇಳುವ ಅಗತ್ಯವಿರಬಾರದಾಗಿತ್ತು, ಆದರೆ ಇದೆ.

ಇನ್ನು ಸಂಬಳದ ಮಾತು. ಫ್ಯಾರಡೆಗೆ ವಾರದ ಕೂಲಿಯಿಲ್ಲದಿದ್ದರೆ ಆತನು ರಟ್ಟು ಕಟ್ಟುತ್ತಲೇ ಇರಬೇಕಾಗುತ್ತಿತ್ತು. 1907ರಲ್ಲಿ ಬರ್ಲಿನ್ನಿಗೆ ಬಂದ ಲೀಸ ಮೈಟ್ನರ್‌ಗೆ ಹೆಂಗಸೆಂಬ ಕಾರಣದಿಂದ ರಸಾಯನ ಸಂಸ್ಥೆಯ ಮೇಲಂತಸ್ತಿನ ಪ್ರಯೋಗಶಾಲೆಗಳಿಗೆ ಪ್ರವೇಶವಿರಲಿಲ್ಲ. ಹಿಂದೆ ಬಡಗಿಯ ಕೆಲಸಕ್ಕೆಂದಿದ್ದ ಕೆಳಗಿನ ಕೋಣೆಯೇ ಆಕೆಯ ಪ್ರಯೋಗಶಾಲೆ. 1912ರಲ್ಲಿ ಪ್ಲಾಂಕ್ ಆಕೆಯನ್ನು ಸಹಾಯಕಿಯನ್ನಾಗಿ ನೇಮಿಸುವವರೆಗೂ ಸಂಬಳವಿರಲಿಲ್ಲ. ತಂದೆ ಹಣ ಕಳುಹಿಸುತ್ತಿದ್ದುದರಿಂದ ಆಕೆ ಉಳಿದುಕೊಂಡಳು. ಹಾಗೆ ಕಳುಹಿಸಬಲ್ಲ ತಂದೆಯಿಲ್ಲದವರ ಹೆಸರು ನಮಗೆ ತಿಳಿದಿಲ್ಲ. ಬೆಂಗಳೂರಿನಲ್ಲಿ ಕೋಣೆ ಹಿಡಿದು, ಊಟದ ಖರ್ಚನ್ನು ಮನೆಯಿಂದ ತರಿಸಿ ಎರಡು ತಿಂಗಳು ಪುಕ್ಕಟೆಯಾಗಿ ದುಡಿಯುವುದು ರಾಯಚೂರಿನ ರೈತನ ಮಗಳಿಗೂ ವೈದ್ಯರ ಮಗನಿಗೂ ಒಂದೇ ಅಲ್ಲ. ಆದುದರಿಂದ ಭತ್ಯೆ ಅಥವಾ ವಿದ್ಯಾರ್ಥಿನಿಲಯದ ಅನುಕೂಲ ಉಂಟೇ ಎಂದು ಪತ್ರದಲ್ಲಿ ಒಂದು ಸಾಲು ಕೇಳುವುದು ಸಂಕೋಚದ ವಿಷಯವಲ್ಲ. ವಿಜ್ಞಾನ ಅಕಾಡೆಮಿಗಳು ಮತ್ತು ಕೆಲವು ಸಂಸ್ಥೆಗಳು ಬೇಸಗೆಯ ಫೆಲೋಷಿಪ್ಪುಗಳನ್ನು ಕೊಡುತ್ತ ಬಂದಿವೆ. ಇಂತಹವಕ್ಕೆ ಬಹುಮಟ್ಟಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ಮೊದಲು ಅವನ್ನು ವಿಚಾರಿಸಬೇಕು.

ಉತ್ತರ ಬಾರದಿದ್ದರೆ ಎರಡು ವಾರ ಕಾದು, ವಿನಯದಿಂದ ಒಮ್ಮೆ ನೆನಪಿಸಬಹುದು. ಮತ್ತೂ ಮೌನವಾದರೆ ಬೇರೆಯವರಿಗೆ ಬರೆಯಬೇಕು. ಇಲ್ಲವೆಂದೇ ಉತ್ತರ ಬಂದರೆ? 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮುಂಬಯಿಯ ಕಮಲಾ ಭಾಗವತ್ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ರಾಮನ್ ಅವರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಆಕೆ ಖುದ್ದಾಗಿ ಬಂದು ಕಾರಣ ಕೇಳಿದರು. ಒಂದು ವರ್ಷದ ಪರೀಕ್ಷಾರ್ಥ ಪ್ರವೇಶವನ್ನು ಪಡೆದರು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ದುಡಿದು, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಸಂಶೋಧನೆ ನಡೆಸಿದರು. ಆ ವರ್ಷ ಕಳೆದ ಮೇಲೆ ರಾಮನ್ ಅವರ ತಕರಾರು ಉಳಿಯಲಿಲ್ಲ.