ವಿಮಾನಕ್ಕೆ ಇಂಧನವೆಷ್ಟು?

ನಂಜನಗೂಡಿನಿಂದ ಮೈಸೂರಿಗೆ ಹೋಗುವವರಿಗೆ ರಸ್ತೆಯ ಪಕ್ಕದಲ್ಲಿಯೇ ಮಂಡಕಳ್ಳಿಯ ವಿಮಾನ ನಿಲ್ದಾಣವು ಕಾಣುತ್ತದೆ. ದೂರದಿಂದ ಅಲ್ಲಿಗೆ ಬಂದ ವಿಮಾನವೊಂದು ಇಳಿಯುವ ಹೊತ್ತಿಗೆ ಸರಿಯಾಗಿ ಮಂಜು ಕವಿಯಿತೆಂದು ಭಾವಿಸೋಣ. ಅದು ಬೆಂಗಳೂರಿನ ಕಡೆಗೆ ತಿರುಗಬೇಕಾಗುತ್ತದೆ. ದೇವನಹಳ್ಳಿಯ ನಿಲ್ದಾಣವು ನೇರವಾಗಿ ಅಳೆದರೂ 150 ಕಿಲೋಮೀಟರಿಗಿಂತ ಹೆಚ್ಚು ದೂರ. ಮೋಟಾರಿನಂತೆ ದಾರಿಯಲ್ಲಿ ನಿಲ್ಲಿಸಿ ಯೋಚಿಸುವ ಅನುಕೂಲವು ವಿಮಾನಕ್ಕಿಲ್ಲ. ಆದುದರಿಂದ ಇಂಥ ಸಂದರ್ಭಕ್ಕೆ ಬೇಕಾದ ಇಂಧನವನ್ನು ಹೊರಡುವ ಮೊದಲೇ ತುಂಬಿಕೊಂಡಿರಬೇಕು.

ಎಷ್ಟು ತುಂಬಬೇಕು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇದಕ್ಕೆ ನಿಯಮಗಳನ್ನು ಮಾಡಿದೆ. ಪಯಣಕ್ಕೆ ಬೇಕಾದುದು ಸರಿಯೇ. ಎದುರುಗಾಳಿ ಮೊದಲಾದವುಗಳಿಗಾಗಿ ಸಾಮಾನ್ಯವಾಗಿ ಅದರ ನೂರಕ್ಕೆ 5ರಷ್ಟು. ಬದಲಿ ನಿಲ್ದಾಣವನ್ನು ಸೇರಲು ಬೇಕಾದುದು. ಕಡೆಗೆ, ಆ ನಿಲ್ದಾಣದ ಮೇಲೆ 450 ಮೀಟರು ಎತ್ತರದಲ್ಲಿ 30 ನಿಮಿಷ ಸುತ್ತಲು ಸಾಲುವಷ್ಟು. ಈ ಕಡೆಯ ಪಾಲನ್ನು ಮುಟ್ಟದೆ ಇಳಿಯಲಾಗದೆಂದು ತಿಳಿದೊಡನೆ ಚಾಲಕನು ‘ಮೇಡೇ ಫ್ಯೂಯೆಲ್’ ಎಂದು ರೇಡಿಯೋದಲ್ಲಿ ಸಾರಬೇಕು. ಇವೆಲ್ಲದರ ಮೇಲೆ, ತನಗೆ ಅವಶ್ಯವೆಂದು ತೋರಿದಷ್ಟು ಇಂಧನವನ್ನು ಕೇಳುವ ಅಧಿಕಾರವೂ ಕ್ಯಾಪ್ಟನ್ನನಿಗುಂಟು. ಜಗಳ ಹುಟ್ಟುವುದು ಇಲ್ಲಿಯೇ.

ದೂರದ ಊರಿಗೆ ಹೊರಟ ಗಾಡಿಯ ಮೇಲೆ ಎತ್ತುಗಳ ಮೇವನ್ನೂ ಹೇರಿದರೆ, ಆ ಮೇವನ್ನು ಎಳೆಯುವ ಶ್ರಮಕ್ಕಾಗಿ ಎತ್ತುಗಳು ಇನ್ನಷ್ಟು ಮೇವು ತಿನ್ನುತ್ತವೆ. ವಿಮಾನದ ಪಾಡೂ ಇದೇ. ತೂಕ ಹೆಚ್ಚಿದಂತೆ ರೆಕ್ಕೆಗಳು ಹೆಚ್ಚಿನ ಎತ್ತುಬಲವನ್ನು ಒದಗಿಸಬೇಕು. ಅದರೊಡನೆ ಗಾಳಿಯ ಎಳೆತವೂ ಹೆಚ್ಚುತ್ತದೆ. ಆ ಎಳೆತವನ್ನು ಮೀರಲು ಎಂಜಿನ್ನು ಹೆಚ್ಚು ಇಂಧನವನ್ನು ಉರಿಸಬೇಕು. ಜೆಟ್ ವಿಮಾನದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಹೆಚ್ಚಾಗಿ ಹೊತ್ತ ತೂಕದ ನೂರಕ್ಕೆ 3ರಿಂದ 4ರಷ್ಟು ಇಂಧನವು ಗಂಟೆಗೊಮ್ಮೆ ಆ ಹೊರೆಗಾಗಿಯೇ ವೆಚ್ಚವಾಗುತ್ತದೆ. 1000 ಕಿಲೋಗ್ರಾಂ ಹೆಚ್ಚಾಗಿ ಹೊತ್ತು ಎರಡು ಗಂಟೆ ಹಾರಿದರೆ 60ರಿಂದ 80 ಕಿಲೋಗ್ರಾಂ ನಷ್ಟ. ದಿನಕ್ಕೆ ನೂರಾರು ಪಯಣಗಳಾದರೆ ಎಷ್ಟಾದೀತೆಂಬುದನ್ನು ವಿದ್ಯಾರ್ಥಿಗಳೇ ಗುಣಿಸಿ ನೋಡಬಹುದು. ಕಂಪೆನಿಯ ಚಿಂತೆಯನ್ನು ಬರಿಯ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ.

ಆದರೆ ಆ ಲೆಕ್ಕವು ಸರಾಸರಿಯದು; ಚಾಲಕನೆದುರಿಗೆ ಇರುವುದು ಆ ಒಂದು ದಿನದ ಮೋಡ. ಹೊಳೆಯ ಸರಾಸರಿ ಆಳ ಮೊಣಕಾಲುದ್ದವೆಂಬ ಮಾತನ್ನು ನಂಬಿ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ ಯಾರಾದರೂ ನೀರಿಗೆ ಇಳಿದಾರೆ?

2008ರಲ್ಲಿ ಇಂಧನದ ಬೆಲೆಯು ವಿಪರೀತವಾಗಿ ಏರಿದಾಗ ಅಮೆರಿಕದ ಯು.ಎಸ್. ಏರ್‌ವೇಸ್ ಕಂಪೆನಿಯು, ಇತರರಿಗಿಂತ ಹೆಚ್ಚು ಇಂಧನವನ್ನು ಕೇಳುತ್ತಿದ್ದ ಎಂಟು ಮಂದಿ ಹಿರಿಯ ಕ್ಯಾಪ್ಟನ್ನರನ್ನು ತರಬೇತಿಗೆ ಬರಹೇಳಿತು. ಇದು ಬೆದರಿಕೆಯೆಂದು ಚಾಲಕರ ಸಂಘವು ವೃತ್ತಪತ್ರಿಕೆಯಲ್ಲಿ ಪುಟದ ತುಂಬ ಪ್ರಕಟಣೆ ಕೊಟ್ಟಿತು, ಕಂಪೆನಿಯು ಅಲ್ಲಗಳೆಯಿತು. ಬಾಯಿಬಿಟ್ಟು ಬೇಡವೆನ್ನದಿದ್ದರೇನು? ಹೀಗೆ ಕರೆಸಿಕೊಂಡವನು ಮುಂದಿನ ಸಲ ಕೇಳಲು ಹಿಂದುಮುಂದು ನೋಡುವುದು ಸಹಜವೆಂದೇ ನನಗೆ ತೋರುತ್ತದೆ.

ಕಂಪೆನಿಯ ಒಡೆಯನೇ ಕ್ಯಾಪ್ಟನ್ನನೂ ಆದರೆ ಸಾಲದೆನ್ನುವವರೇ ಇರುವುದಿಲ್ಲ. 2016ರ ನವೆಂಬರ್ 28ರಂದು ಬೊಲಿವಿಯಾದಿಂದ ಕೊಲಂಬಿಯಾದ ಮೆಡೆಲೀನ್ ನಗರಕ್ಕೆ ಹೊರಟ ಲಾಮಿಯಾ ಕಂಪೆನಿಯ ವಿಮಾನವನ್ನು ನಡೆಸುತ್ತಿದ್ದವನು ಆ ಕಂಪೆನಿಯ ಪಾಲುದಾರ. ಅವರು ಸಲ್ಲಿಸಿದ ಪತ್ರದಲ್ಲಿ ಪಯಣದ ಅವಧಿ 4 ಗಂಟೆ 22 ನಿಮಿಷ. ಇಂಧನ ಸಾಲುವ ಅವಧಿಯೂ ಅಷ್ಟೇ! ನಿಲ್ದಾಣದ ಸಮೀಪದಲ್ಲಿ, ಇನ್ನೊಂದು ವಿಮಾನಕ್ಕೆ ಮೊದಲು ಇಳಿಯಲು ಅವಕಾಶವಿತ್ತುದರಿಂದ, ಇದು ಸುತ್ತುತ್ತ ಕಾಯಬೇಕಾಯಿತು. ಎಂಜಿನ್ನುಗಳು ಒಂದೊಂದಾಗಿ ನಿಂತುಹೋದವು. 77 ಮಂದಿಯಲ್ಲಿ 71 ಮಂದಿ ಮಡಿದರು. ಬೆಟ್ಟಕ್ಕೆ ಬಡಿದ ವಿಮಾನಕ್ಕೆ ಬೆಂಕಿ ಹತ್ತಲಿಲ್ಲ. ಉರಿಯಲು ಅದರಲ್ಲಿ ಇಂಧನವೇ ಉಳಿದಿರಲಿಲ್ಲ.