ಬಾದಾಮಿಯ ಬಂಡೆಗಳು ಮತ್ತು ಶಿಲಾರೋಹಣ

ಬಾದಾಮಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಚಾಲುಕ್ಯರ ಗುಹಾಲಯಗಳು, ಅಗಸ್ತ್ಯತೀರ್ಥ ಮತ್ತು ಭೂತನಾಥನ ಗುಡಿ. ಪಾಠದ ಪುಸ್ತಕಗಳಲ್ಲಿ ನಾವು ಓದಿರುವುದೂ ಇಷ್ಟೇ. ಆದರೆ ಈ ಶಿಲ್ಪಗಳಿಗೆಲ್ಲ ಒಡಲಾದ ಕೆಂಬಂಡೆಯು ಇಂದು ಇನ್ನೊಂದು ಕಾರಣದಿಂದಲೂ ದೇಶವಿದೇಶಗಳ ತರುಣರನ್ನು ತನ್ನೆಡೆಗೆ ಸೆಳೆಯುತ್ತಿದೆ. ಆ ಕಾರಣವೇ ಶಿಲಾರೋಹಣ. ಹೊಸಬರಿಂದ ಹಿಡಿದು ನುರಿತವರವರೆಗೆ ಎಲ್ಲರಿಗೂ ಅಲ್ಲಿ ತಕ್ಕ ದಾರಿಗಳುಂಟು. ಅವುಗಳ ಸ್ವರೂಪವನ್ನು ಇಲ್ಲಿ ವಿಚಾರಿಸೋಣ.

ಮೊದಲು ಕಲ್ಲಿನ ವಿಷಯ. ಮುಂಬಯಿಯ ಸುತ್ತಲಿನ ಬೆಟ್ಟಗಳು ಲಾವಾರಸವು ಆರಿ ಗಟ್ಟಿಯಾದ ಕರಿಗಲ್ಲಿನವು. ಬಾದಾಮಿಯ ಕಲ್ಲಿನ ಹುಟ್ಟು ಬೇರೆ. ಅದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರು ಪದರಾಗಿ ಕೂಡಿ, ಮೇಲಿನ ಭಾರಕ್ಕೆ ಒತ್ತಿ ಶಿಲೆಯಾಯಿತು. ಆದುದರಿಂದಲೇ ಅದರ ಮೈಮೇಲೆ ಅಡ್ಡಗೆರೆಗಳು ಕಾಣುತ್ತವೆ. ಮೆದುವಾದ ಪದರು ಸವೆದು, ಗಟ್ಟಿಯಾದ ಪದರು ಮುಂದಕ್ಕೆ ಉಳಿದಾಗ ಬೆರಳಿಗೂ ಕಾಲಿಗೂ ಆಧಾರವಾಗುವ ಅಂಚುಗಳು ಉಂಟಾಗುತ್ತವೆ. ಬಂಡೆಯು ಮೇಲಿಂದ ಕೆಳಕ್ಕೆ ಸೀಳಿದ ಕಡೆಗಳಲ್ಲಿ ಬೆರಳು, ಮುಷ್ಟಿ, ಕೆಲವೆಡೆ ಇಡೀ ತೋಳೇ ಹೊಗುವಷ್ಟು ಬಿರುಕುಗಳಿವೆ. ಅಂಚುಗಳನ್ನು ಹಿಡಿದು ಏರುವುದು ಒಂದು ವಿದ್ಯೆ. ಬಿರುಕಿನಲ್ಲಿ ಕೈಯನ್ನು ಬಿಗಿಸಿ ಏರುವುದು ಇನ್ನೊಂದು ವಿದ್ಯೆ. ಇವೆರಡನ್ನೂ ಒಂದೇ ಊರಿನಲ್ಲಿ ಕಲಿಯಬಹುದಾದುದು ಬಾದಾಮಿಯ ಹಿರಿಮೆ.

ದಾರಿಗಳ ಕಷ್ಟವನ್ನು ಅಳೆಯಲು ಫ್ರೆಂಚರ ಅಂಕಪದ್ಧತಿಯು ಬಳಕೆಯಲ್ಲಿದೆ. ಅಂಕಿ ಏರಿದಂತೆ ಕಷ್ಟವೂ ಏರುತ್ತದೆ. ಒಂದೊಂದು ಅಂಕಿಯಲ್ಲಿಯೂ ಎ, ಬಿ, ಸಿ ಎಂಬ ಮೆಟ್ಟಿಲುಗಳುಂಟು. 2017ರಲ್ಲಿ ಆಡಂ ಓಂಡ್ರಾ ಎಂಬ ಚೆಕ್ ತರುಣನು ನಾರ್ವೆಯಲ್ಲಿ 9 ಸಿ ದರ್ಜೆಯ ದಾರಿಯನ್ನು ಜಗತ್ತಿನಲ್ಲಿಯೇ ಮೊದಲಿಗನಾಗಿ ಏರಿದನು.

ಹೊಸಬರಿಗೆ 4 ಮತ್ತು 5ನೆಯ ದರ್ಜೆಯ ದಾರಿಗಳು ತಕ್ಕವು. ಇವುಗಳಲ್ಲಿ ಹಿಡಿತಗಳು ದೊಡ್ಡವು, ಕಾಲಿಗೆ ನೆಲೆ ಚೆನ್ನಾಗಿರುತ್ತದೆ. ಇಲ್ಲಿ ಮೇಲುಹಗ್ಗದ ಕ್ರಮವೇ ಲೇಸು. ಹಗ್ಗವು ಬಂಡೆಯ ನೆತ್ತಿಯಲ್ಲಿರುವ ಕೊಂಡಿಯ ಮೂಲಕ ಹಾದು ಬರುತ್ತದೆ. ಒಂದು ತುದಿಯು ಏರುವವನ ಸೊಂಟಪಟ್ಟಿಗೆ, ಇನ್ನೊಂದು ಕಡೆಯು ಕೆಳಗೆ ನಿಂತ ಜೊತೆಗಾರನ ಕೈಗೆ. ಜೊತೆಗಾರನು ಸಡಿಲವನ್ನು ಎಳೆದುಕೊಳ್ಳುತ್ತಿರುವುದರಿಂದ ಕಾಲು ಜಾರಿದರೂ ಏರುವವನು ಬಹುಮಟ್ಟಿಗೆ ಇದ್ದಲ್ಲಿಯೇ ತೂಗುತ್ತಾನೆ.

6ನೆಯ ದರ್ಜೆಯು ಅಭ್ಯಾಸವುಳ್ಳವರದು. ಹಿಡಿತಗಳು ಕಿರಿದಾಗುತ್ತವೆ; ತೋಳಿನ ಬಲಕ್ಕಿಂತ ಕಾಲಿನ ಜಾಣ್ಮೆಯೇ ಇಲ್ಲಿ ಹೆಚ್ಚು. ಇಂತಹವರು ಹಗ್ಗವನ್ನು ಕೆಳಗಿನಿಂದಲೇ ಒಯ್ಯುತ್ತ, ಬಂಡೆಯಲ್ಲಿ ನೆಟ್ಟ ಬೋಲ್ಟುಗಳಿಗೆ ಒಂದೊಂದಾಗಿ ಸಿಕ್ಕಿಸುತ್ತ ಮುಂದುವರಿಯುತ್ತಾರೆ. ಇದರ ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೊನೆಯ ಬೋಲ್ಟಿಗಿಂತ 2 ಮೀಟರು ಮೇಲಿರುವವನು ಜಾರಿದರೆ ಬೋಲ್ಟಿನವರೆಗೆ 2 ಮೀಟರು, ಅಲ್ಲಿಂದ ಕೆಳಗೆ ಮತ್ತೆ 2 ಮೀಟರು, ಹೀಗೆ 4 ಮೀಟರು ಬೀಳುವನು. ಹಗ್ಗವು ಹಿಗ್ಗುವುದರಿಂದ ಇನ್ನಷ್ಟು ಕೂಡುತ್ತದೆ. ಆ ಹಿಗ್ಗುವಿಕೆಯೇ ಬೀಳುವವನ ಮೈಗೆ ತಾಗುವ ಎಳೆತವನ್ನು ಮೃದುವಾಗಿಸುತ್ತದೆ. ಈ ಕಾರಣದಿಂದ ಸಾಧಾರಣ ಹಗ್ಗವು ಈ ಕೆಲಸಕ್ಕೆ ಎಂದಿಗೂ ಸಲ್ಲದು.

7ನೆಯ ದರ್ಜೆಯಿಂದ ಮೇಲಿನವು ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಮೀಸಲು. ಬಂಡೆಯು ಮುಂದಕ್ಕೆ ಬಾಗಿ ಚಾವಣಿಯಂತೆ ನಿಂತ ಕಡೆ ಬೆರಳತುದಿಗಳ ಮೇಲೆಯೇ ಮೈಭಾರವೆಲ್ಲ ಬೀಳುತ್ತದೆ. ಬಾದಾಮಿಯ ‘ಗಣೇಶ’ ಎಂಬ ದಾರಿಯು 8 ಬಿ ಪ್ಲಸ್ ದರ್ಜೆಯದಾಗಿದ್ದು, ದೇಶದ ಅತಿ ಕಠಿಣವಾದ ದಾರಿಗಳ ಸಾಲಿಗೆ ಸೇರಿದೆ.

ದರ್ಜೆ ಯಾವುದೇ ಇರಲಿ, ಕೆಲವು ನಿಯಮಗಳು ಎಲ್ಲರಿಗೂ ಒಂದೇ. ತಲೆಗೆ ಹೆಲ್ಮೆಟ್ ಇಲ್ಲದೆ ಬಂಡೆಯ ಬುಡಕ್ಕೂ ಹೋಗಲಾಗದು. ಏರುವ ಮುನ್ನ ಇಬ್ಬರೂ ಪರಸ್ಪರರ ಗಂಟುಗಳನ್ನು ಪರೀಕ್ಷಿಸತಕ್ಕದ್ದು. ಮಳೆಯಲ್ಲಿ ನೆನೆದ ಮರಳುಗಲ್ಲು ಬಲಗುಂದಿ ಹಿಡಿತಗಳು ಮುರಿಯಬಹುದಾದುದರಿಂದ, ಅದು ಚೆನ್ನಾಗಿ ಒಣಗುವವರೆಗೆ ಕಾಯಬೇಕು. ಬೇಸಗೆಯಲ್ಲಿ ಬಂಡೆಯು ಕಾದ ಹೆಂಚಿನಂತಾಗುವುದು, ಚಳಿಗಾಲವೇ ಪ್ರಶಸ್ತ. ಎಲ್ಲಕ್ಕಿಂತ ಮಿಗಿಲಾಗಿ, ಬಲ್ಲ ಗುರುವಿಲ್ಲದೆ ಮಕ್ಕಳು ಈ ಸಾಹಸಕ್ಕೆ ಕೈಹಾಕಕೂಡದು.

ಕನ್ನಡಿಗರಾದ ನಮಗೆ ಇನ್ನೊಂದು ಹೊಣೆಯೂ ಉಂಟು. ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಇಲ್ಲಿ ಕೋಟೆ ಕಟ್ಟಿಸಿದ ಸಂಗತಿಯು ಬಂಡೆಯ ಮೇಲೆಯೇ ಕೊರೆಯಲ್ಪಟ್ಟಿದೆ. ಕನ್ನಡದ ತ್ರಿಪದಿಯ ಅತಿ ಪ್ರಾಚೀನ ರೂಪವನ್ನು ತೋರುವ ಕಪ್ಪೆ ಅರಭಟ್ಟನ ಶಾಸನವಿರುವುದೂ ಬಾದಾಮಿಯ ಬಂಡೆಯ ಮೇಲೆಯೇ. ಅದು ಸುಮಾರು ಕ್ರಿ.ಶ. 700ರ ಕಾಲದ್ದು. ಒಂದು ಮೊಳೆಯ ಗಾಯವಾಗಲಿ, ಸುಣ್ಣದ ಗೆರೆಯಾಗಲಿ ಇಂತಹ ಅಕ್ಷರಗಳಿಗೆ ತಾಗಿದರೆ ಅದನ್ನು ಮರಳಿ ಸರಿಪಡಿಸಲಾಗದು. ಹೊಸ ದಾರಿಯನ್ನು ನೂರು ಕಡೆ ಹುಡುಕಬಹುದು; ಅಳಿದ ಶಾಸನವನ್ನು ಹುಡುಕುವುದೆಲ್ಲಿ? ಸಂರಕ್ಷಿತ ಸ್ಮಾರಕಗಳಿಂದ ದೂರವಿದ್ದು, ಸ್ಥಳೀಯರಲ್ಲಿ ವಿಚಾರಿಸಿ, ಅನುಮತಿಯಿರುವ ಕಡೆ ಮಾತ್ರ ಏರುವುದು ಧರ್ಮ.

ನಗರದ ಮಕ್ಕಳಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ 2016 ಮತ್ತು 2017ರಲ್ಲಿ ಈ ಕ್ರೀಡೆಯ ವಿಶ್ವಕಪ್ ಸ್ಪರ್ಧೆಗಳು ನಮ್ಮ ನವಿ ಮುಂಬಯಿಯಲ್ಲಿಯೇ ಜರುಗಿದವು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಇಲ್ಲಿಯ ಕೃತಕ ಗೋಡೆಯ ಮೇಲೆ ಅಭ್ಯಾಸವನ್ನಾರಂಭಿಸಿ, ಮುಂದೆ ಬಾದಾಮಿಗೆ ಹೋಗುವ ಹುಡುಗ ಹುಡುಗಿಯರು ನಮ್ಮಲ್ಲಿಯೂ ಹೆಚ್ಚಲಿ. ಪೂರ್ವಜರು ಉಳಿಯಿಂದ ಅರಿತ ಆ ಕಲ್ಲನ್ನು ಅವರು ಬೆರಳುಗಳಿಂದ ಅರಿಯಲಿ, ಅದರ ಮೇಲಿನ ಬರಹವನ್ನೂ ಓದಿ ಬರಲಿ ಎಂದು ನಾವು ಹಾರೈಸುತ್ತೇವೆ.